ಬಿಳಿಯಾದ ಉಂಗುರ, ಹೊಂಬಣ್ಣದ ಹೂದಾನಿ

ಬಹಳ ದಿನಗಳಿಂದ ಏನನ್ನೂ ಬರೆಯಲಾಗಲಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಒಂದು ಕಾರಣ. ಬರೆಯಬೇಕಾದದ್ದನ್ನು ಬರೆಯಲು ಧೈರ್ಯ ಸಾಲದೆ ಹೋದದ್ದು ಇನ್ನೊಂದು ಕಾರಣ. ಇಂದು ಹೇಳಹೊರಟಿರುವುದು ಫ್ರಾನ್ಸ್ ದೇಶದ ಹಳೆಯ ಗಾಜಿನ ಹೂದಾನಿಗಳ ವಿಚಾರ. ‘ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಇದೇನು ಶೋಕಿ’ ಎಂದು ನಗಬೇಡಿ, ಪೂರ್ತಿ ಓದಿ. ಅದರಲ್ಲೂ 1984ರಿಂದ 2001ರವರೆಗೆ ನನ್ನ ತರಗತಿಯ ಮುಂದಿನ ಬೆಂಚುಗಳಲ್ಲಿ ಕುಳಿತವರು ತಪ್ಪದೆ ಓದಿ.

2023ರ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಮಗಳ ಮನೆಗೆಂದು ಪ್ಯಾರಿಸ್ಸಿಗೆ ಹೋಗಿದ್ದೆವು. ಅಳಿಯನಿಗೆ ರಜೆ ಇರಲಿಲ್ಲ, ಮಗಳಿಗೆ ಮನೆಯಿಂದಲೇ ಕಚೇರಿಯ ಕೆಲಸ. ಹೀಗಾಗಿ ನಮಗೆ ಊರು ತೋರಿಸುವ ಹೊಣೆ ಹನ್ನೊಂದು ವರ್ಷದ ಮೊಮ್ಮಗಳ ಪಾಲಿಗೆ ಬಂದಿತು. ಅವಳು ಅಲ್ಲಿಯ ಶಾಲೆಯಲ್ಲೇ ಓದುವವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಫ್ರೆಂಚ್. ಮಗಳು ನಮ್ಮನ್ನು ಲೂವ್ರ್ ವಸ್ತುಸಂಗ್ರಹಾಲಯದ ಬಾಗಿಲಿನವರೆಗೆ ತಂದು ಬಿಟ್ಟು, ಅಲ್ಲೇ ಒಂದು ಕಾಫಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಳು.

ಮೋನಾಲಿಸಾಳ ಮುಂದಿನ ಜನಜಂಗುಳಿಯ ಬಗ್ಗೆ ಬರೆಯುವುದಿಲ್ಲ, ಅದನ್ನು ಎಲ್ಲರೂ ಬರೆದಿದ್ದಾರೆ. ಆ ನೂಕುನುಗ್ಗಲಿನಿಂದ ತಪ್ಪಿಸಿಕೊಂಡು ರಿಶ್ಲ್ಯೂ ಎಂಬ ಭಾಗದ ಮೊದಲ ಅಂತಸ್ತಿಗೆ ಹೋದರೆ ಅಲ್ಲಿ ರಾಜಮನೆತನದವರ ಪೀಠೋಪಕರಣಗಳ ಸಾಲು. ಕಾಲು ಸೋತಿದ್ದ ನನ್ನ ಪತ್ನಿ ಒಂದು ಬೆಂಚಿನ ಮೇಲೆ ಕುಳಿತಳು. ನಾನು ಒಂದು ಮೇಜಿನ ಮುಂದೆ ನಿಂತುಬಿಟ್ಟೆ. ಅದು ಸ್ಫಟಿಕದಂಥ ಗಾಜಿನಿಂದ ಮಾಡಿದ ಅಲಂಕಾರದ ಮೇಜು. ಜೊತೆಗೆ ಗಾಜಿನದೇ ಒಂದು ಕುರ್ಚಿ. ಗಾಜಿನ ತುಂಡುಗಳೆಲ್ಲ ವಜ್ರದ ಹಾಗೆ ಪಟ್ಟೆ ಹೊಡೆದವು, ಅವನ್ನು ಬಂಧಿಸಿ ಹಿಡಿದಿದ್ದ ಕಟ್ಟುಗಳೆಲ್ಲ ಚಿನ್ನ. ಫಲಕದಲ್ಲಿ 1819 ಎಂಬ ವರ್ಷ ಮಾತ್ರ ನನಗೆ ಅರ್ಥವಾಯಿತು. ಮೊಮ್ಮಗಳು ಓದಿದಳು, “ಕ್ರಿಸ್ತಾಲ್, ಬ್ರೋಂಜ್ ದೊರೆ.”

“ಯಾವ ದೊರೆಯಮ್ಮ?” ಎಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ತಾತ, ದೊರೆ ಅಂದ್ರೆ ರಾಜ ಅಲ್ಲ. ಚಿನ್ನ ಬಳಿದಿರೋದು ಅಂತ. ಕಂಚಿನ ಮೇಲೆ ಚಿನ್ನ.”

ಪ್ಯಾರಿಸ್ಸಿನ ಪಾಲೇ ರೊಯಾಲ್ ಎಂಬಲ್ಲಿದ್ದ ‘ಸ್ಫಟಿಕದ ಮೆಟ್ಟಿಲು’ ಎಂಬ ಅರ್ಥದ ಹೆಸರಿನ ಅಂಗಡಿಯೊಂದು ಆ ಮೇಜನ್ನು ಮಾಡಿಸಿತ್ತು. ಅಂಗಡಿಯ ಒಡತಿ ದೆಸಾರ್ನೋ ಎಂಬ ಹೆಂಗಸು. 1819ರ ಕೈಗಾರಿಕಾ ಪ್ರದರ್ಶನದಲ್ಲಿ ಜನರನ್ನು ಬೆರಗುಗೊಳಿಸಿದ ಆ ಮೇಜು ಮುಂದೆ ಬೆರಿ ಎಂಬಲ್ಲಿಯ ಡಚೆಸ್ಸಳ ಬಳಿ ಸೇರಿ, ಅವಳ ಹೆಸರಿನಿಂದಲೇ ಪ್ರಸಿದ್ಧವಾಯಿತು. ಮೇಜು ಒಂದೇ. ಆದರೆ ಅದೇ ಕಾಲದಲ್ಲಿ ಅದೇ ಬಗೆಯಲ್ಲಿ, ಗಾಜಿಗೆ ಹೊಂಬಣ್ಣದ ಕಂಚಿನ ಕಟ್ಟು ಹಾಕಿದ ಹೂದಾನಿಗಳು ಎಷ್ಟೋ ತಯಾರಾಗಿ ಶ್ರೀಮಂತರ ಮನೆಗಳನ್ನು ಸೇರಿದವು. ಅವನ್ನು ನಾವು ಮರುದಿನ ನೋಡಿದೆವು. ಲೂವ್ರ್ ಅರಮನೆಯ ಒಂದು ಕೊನೆಯಲ್ಲೇ, ರಿವೋಲಿ ಬೀದಿಗೆ ಮುಖಮಾಡಿ, ಅಲಂಕಾರ ಕಲೆಗಳ ಸಂಗ್ರಹಾಲಯವೆಂಬುದು ಬೇರೆಯಾಗಿ ಇದೆ. ಅಲ್ಲಿ ಜನಸಂದಣಿ ಕಡಿಮೆ. ನಮ್ಮಂಥ ಮುದುಕರಿಗೆ ಹೇಳಿಮಾಡಿಸಿದ ಸ್ಥಳ.

ಆ ಹೂದಾನಿಗಳನ್ನು ಹೇಗೆ ವರ್ಣಿಸಲಿ? ಕೆಲವು ಹಾಲುಬಿಳಿ, ಕೆಲವು ಪಚ್ಚೆನೀಲಿ. ಇನ್ನು ಕೆಲವು ತಿಳಿಗುಲಾಬಿ, ಅದಕ್ಕೆ ಫ್ರೆಂಚರು ‘ಪಾರಿವಾಳದ ಕೊರಳು’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಆ ಹೆಸರನ್ನು ಕೇಳಿದ ಕೂಡಲೇ ನಮ್ಮ ಶಾಲೆಯ ಹೆಂಚಿನ ಮೇಲೆ ಕೂರುತ್ತಿದ್ದ ಪಾರಿವಾಳಗಳು ನೆನಪಾದವು. ಹೆಸರಿಟ್ಟವನಿಗೆ ಕಣ್ಣಿತ್ತು. ಈ ಬಗೆಯ ಗಾಜಿಗೆ ಓಪಲೀನ್ ಎಂದು ಹೆಸರು. ಇದು ಪೂರ್ತಿ ಪಾರದರ್ಶಕವೂ ಅಲ್ಲ, ಪೂರ್ತಿ ಅಪಾರದರ್ಶಕವೂ ಅಲ್ಲ. ಗಾಜಿನ ಪಾಕಕ್ಕೆ ಸುಟ್ಟ ಮೂಳೆಯ ಬೂದಿಯನ್ನೋ ತವರದ ಆಕ್ಸೈಡನ್ನೋ ಸೇರಿಸಿದರೆ ಅತಿಸೂಕ್ಷ್ಮ ಕಣಗಳು ಅದರೊಳಗೆ ಉಳಿದು ಬೆಳಕನ್ನು ಚದುರಿಸುತ್ತವೆ. ಬೆಳಕಿಗೆ ಅಡ್ಡ ಹಿಡಿದರೆ ಬಿಳಿಯ ಗಾಜಿನಲ್ಲಿ ಕೆಂಡದಂಥ ನಸುಗೆಂಪು ಕಾಣುತ್ತದೆ. ನಿಮಗೆ ನೆನಪಿದೆಯೆ? ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಬೆರೆಸಿ, ಕೋಣೆ ಕತ್ತಲು ಮಾಡಿ, ಟಾರ್ಚು ಬಿಡುತ್ತಿದ್ದೆ. ಪಕ್ಕದಿಂದ ನೋಡಿದವರಿಗೆ ನಸುನೀಲಿ, ಎದುರಿನಿಂದ ನೋಡಿದವರಿಗೆ ಸೂರ್ಯಾಸ್ತದ ಕೆಂಪು. ಆ ಲೋಟವೇ ಗಟ್ಟಿಯಾಗಿ ಇಲ್ಲಿ ಹೂದಾನಿಯಾಗಿ ನಿಂತಿತ್ತು.

ಇಂಥ ಗಾಜಿಗೆ ಹೆಸರಾದ ಕಾರ್ಖಾನೆಗಳು ಬಕಾರಾ, ಸೇಂಟ್ ಲೂಯಿ, ಲ ಕ್ರೂಸೋ. 1764ರಲ್ಲಿ ಆರಂಭವಾದ ಬಕಾರಾದ ಹೆಸರನ್ನು ನಮ್ಮ ದೇಶದ ಮಹಾರಾಜರ ದೀಪಗುಚ್ಛಗಳ ದೆಸೆಯಿಂದ ನೀವೂ ಕೇಳಿರಬಹುದು. ಕ್ರೂಸೋದ ಗಾಜಿನ ಕಾರ್ಖಾನೆಯನ್ನು ಉಳಿದ ಎರಡೂ ಸೇರಿ 1832ರಲ್ಲಿ ಕೊಂಡುಕೊಂಡವು.

ಗಾಜು ಇಷ್ಟು ಸೊಗಸಾಗಿರುವಾಗ ಅದಕ್ಕೆ ಲೋಹದ ಕಟ್ಟು ಏಕೆ? ಮೊಮ್ಮಗಳೇ ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ ಕೇಳಿದರೆ ಮೇಷ್ಟ್ರಿಗೆ ಪಿಂಚಣಿ ಹೆಚ್ಚಾದಷ್ಟು ಸಂತೋಷ. ಹೂದಾನಿಯಲ್ಲಿ ಮೊದಲು ಚಕ್ಕೆ ಏಳುವುದು ಬಾಯಿಯ ಅಂಚು, ಬಿರುಕು ಬಿಡುವುದು ಪಾದ, ಮುರಿಯುವುದು ಹಿಡಿಕೆ. ಆದುದರಿಂದ ಬಾಯಿಗೊಂದು ಬಳೆ, ಪಾದಕ್ಕೊಂದು ಪೀಠ, ಹಿಡಿಕೆಗಳ ಬದಲಿಗೆ ಕೊರಳು ಬಾಗಿಸಿದ ಎರಡು ಹಂಸಗಳು ಅಥವಾ ಹೆಣೆದುಕೊಂಡ ಹಾವುಗಳು. ಗಾಜಿಗೆ ಮೊಳೆ ಹೊಡೆಯಲಾಗುವುದಿಲ್ಲ, ಬೆಸುಗೆ ಹಾಕಲೂ ಬರುವುದಿಲ್ಲ. ದೊಡ್ಡ ಹೂದಾನಿಯನ್ನು ಎರಡು ಮೂರು ಭಾಗಗಳಾಗಿ ಮಾಡಿ, ಒಳಗೆ ಒಂದು ಸರಳು ತೂರಿಸಿ, ಕೆಳಗೆ ತಿರುಪಿನಿಂದ ಬಿಗಿಯುತ್ತಿದ್ದರು. ಕೂಡಿಸಿದ ಸಂದನ್ನು ಮುಚ್ಚಲು ಕಂಚಿನ ಎಲೆಗಳ ಸರ. ನೋಡುವವರಿಗೆ ಕಾಣುವುದು ಆಭರಣ, ಅದರ ಕೆಲಸ ಮಾತ್ರ ನಮ್ಮ ಹಳ್ಳಿಯ ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆಯದೇ.

ಕಟ್ಟು ಮೂಡುವ ಬಗೆ ದೊಡ್ಡದು. ಮೊದಲು ಮಾದರಿ, ಅದರಿಂದ ಮರಳಿನ ಅಚ್ಚು, ಅಚ್ಚಿನಲ್ಲಿ ಕಂಚಿನ ಎರಕ. ಎರಕದಿಂದ ಬಂದದ್ದು ಒರಟು ಒರಟು. ಅದನ್ನು ಸಣ್ಣ ಉಳಿಗಳಿಂದ ಕೊರೆದು, ಎಲೆಗೆ ನರ ಮೂಡಿಸಿ, ಹಂಸಕ್ಕೆ ಗರಿ ಮೂಡಿಸುವವನು ಬೇರೆ ಕಸುಬುದಾರ. ಆಮೇಲೆ ಚಿನ್ನ ಹಿಡಿಸುವವನು. ಪ್ಯಾರಿಸ್ಸಿನಲ್ಲಿ ಎರಕದವರ ಸಂಘ ಬೇರೆ, ಚಿನ್ನ ಹಿಡಿಸುವವರ ಸಂಘ ಬೇರೆ ಇದ್ದು, 1776ರಲ್ಲಿ ಎರಡನ್ನೂ ಒಂದು ಮಾಡಿದರು. ಚಿನ್ನವನ್ನು ಕೆಲವು ಕಡೆ ಮಂಕಾಗಿಯೇ ಬಿಟ್ಟು, ಕೆಲವು ಕಡೆ ಅಗೇಟ್ ಕಲ್ಲಿನಿಂದಲೋ ಹೆಮಟೈಟ್ ಕಲ್ಲಿನಿಂದಲೋ ತಿಕ್ಕಿ ಒಪ್ಪ ಹಾಕುತ್ತಿದ್ದರು. ಹೆಮಟೈಟ್ ಎಂದರೆ ನಮ್ಮ ಬಳ್ಳಾರಿ-ಸಂಡೂರಿನ ಕಬ್ಬಿಣದ ಅದಿರಿನ ಜಾತಿ. ಮಂಕೂ ಮಿಂಚೂ ಒಂದರ ಪಕ್ಕ ಒಂದು ನಿಂತಾಗ ಹಂಸದ ಎದೆ ಹೊಳೆದು ಗರಿ ಮೆತ್ತಗೆ ಕಾಣುತ್ತದೆ. ಈ ಮಂಕು ಚಿನ್ನದ ಕೆಲಸಕ್ಕೆ ಹೆಸರುವಾಸಿಯಾದವನು ಪಿಯೇರ್ ಗುತ್ಯೇರ್. ಅರಮನೆಗಳಿಗೆ ಕೆಲಸ ಮಾಡಿಕೊಟ್ಟು, ದಿವಾಳಿಯೆದ್ದು, 1813ರಲ್ಲಿ ಬಡತನದಲ್ಲೇ ತೀರಿಕೊಂಡ.

“ಕಂಚಿಗೆ ಚಿನ್ನ ಹೇಗೆ ಅಂಟುತ್ತೆ ತಾತ?” ಎಂದು ಮೊಮ್ಮಗಳು ಕೇಳಿದಳು.

ನನಗೆ ಒಮ್ಮೆಲೇ ಮೈ ಬೆವೆತಂತಾಯಿತು. ಈ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಿಸಿಕೊಂಡದ್ದು ಅಲ್ಲಿ ಅಲ್ಲ. 1994ರ ಡಿಸೆಂಬರಿನಲ್ಲಿ ಹತ್ತನೆಯ ತರಗತಿಯವರನ್ನು ಹೈದರಾಬಾದ್ ಪ್ರವಾಸಕ್ಕೆ ಕರೆದೊಯ್ದಿದ್ದೆ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ನೀವೆಲ್ಲ ಗಂಟೆ ಹೊಡೆಯುವ ಗೊಂಬೆಯ ಗಡಿಯಾರದ ಮುಂದೆ ನೆಲದ ಮೇಲೆ ಕುಳಿತಿದ್ದಿರಿ. ಯುರೋಪಿನ ಗಾಜಿನ ಸಾಮಾನುಗಳ ಕೋಣೆಯಲ್ಲಿ ನನ್ನ ಜೊತೆ ಉಳಿದವನು ಒಬ್ಬನೇ ಹುಡುಗ. ಓದಿನಲ್ಲಿ ಅಷ್ಟೇನೂ ಮುಂದಿರದ, ಆದರೆ ಕೈಕೆಲಸದಲ್ಲಿ ಚುರುಕಾದ ಹುಡುಗ. ಚಿನ್ನದ ಕಟ್ಟಿನ ಒಂದು ನೀಲಿ ಹೂದಾನಿಯನ್ನು ತೋರಿಸಿ ಅವನು ಇದೇ ಮಾತು ಕೇಳಿದ. “ಚಿನ್ನದ ರೇಕನ್ನು ಅಂಟಿನಿಂದ ಅಂಟಿಸಿರುತ್ತಾರಪ್ಪ” ಎಂದು ಹೇಳಿ ಮುಂದೆ ನಡೆದೆ. ಅವನು ಅಲ್ಲೇ ನಿಂತು, “ಅಂಟಿಸಿದ್ರೆ ಅಂಚು ಕಾಣ್ಬೇಕಲ್ಲ ಸಾರ್” ಎಂದ. ನಾನು ಉತ್ತರಿಸಲಿಲ್ಲ. ಊಟಕ್ಕೆ ಹೊತ್ತಾಗಿತ್ತು.

ಈ ಸಲ ಮೊಮ್ಮಗಳಿಗೆ ಸುಳ್ಳು ಹೇಳಲಿಲ್ಲ. “ಮನೆಗೆ ಹೋಗಿ ಓದಿ ಹೇಳುತ್ತೇನೆ” ಎಂದೆ. ಆ ರಾತ್ರಿ ಓದಿದೆ.

ಇಂಗ್ಲಿಷಿನವರು ಇಂಥ ಕೆಲಸಕ್ಕೆ ಆರ್ಮೊಲು ಎನ್ನುತ್ತಾರೆ. ಅದು ಫ್ರೆಂಚಿನ ‘ಓರ್ ಮುಲೂ’ ಎಂಬುದರಿಂದ ಬಂದ ಮಾತು, ಅರ್ಥ ‘ಅರೆದ ಚಿನ್ನ’. ಚಿನ್ನವನ್ನು ಮೂಸೆಯಲ್ಲಿ ಕೆಂಪಗೆ ಕಾಯಿಸಿ ಅದಕ್ಕೆ ಸುಮಾರು ಎಂಟು ಪಾಲು ಪಾದರಸ ಬೆರೆಸಿದರೆ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಹೆಚ್ಚಿನ ಪಾದರಸವನ್ನು ಮೆತ್ತನೆಯ ತೊಗಲಿನಲ್ಲಿ ಹಿಂಡಿ ತೆಗೆಯುತ್ತಾರೆ. ನೈಟ್ರಿಕ್ ಆಮ್ಲದಲ್ಲಿ ಕರಗಿಸಿದ ಪಾದರಸವನ್ನು ಹಿತ್ತಾಳೆ ತಂತಿಯ ಕುಂಚದಿಂದ ಕಂಚಿನ ಮೇಲೆ ಸವರಿ, ಅದರ ಮೇಲೆ ಈ ಬೆಣ್ಣೆಯನ್ನು ಬಳಿಯುತ್ತಾರೆ. ಆಗ ಅದು ಚಿನ್ನದಂತೆ ಕಾಣುವುದೇ ಇಲ್ಲ, ಬೆಳ್ಳಗಿರುತ್ತದೆ. ಬಳಿಕ ಇದ್ದಿಲ ಕೆಂಡದ ಮೇಲೆ ಹಿಡಿದು ಕಾಯಿಸಬೇಕು. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಆವಿಯಾಗಿ ಹೋಗುತ್ತ ಹೋಗುತ್ತ ಬಿಳಿಯ ಕಂಚು ಹಳದಿಗೆ ತಿರುಗುತ್ತದೆ, ಚಿನ್ನ ಕಂಚಿನೊಡನೆ ಬೆಸೆದುಕೊಂಡು ಉಳಿಯುತ್ತದೆ. ಪದರ ಎಲ್ಲ ಕಡೆ ಸಮನಾಗಿ ಕೂರಲೆಂದು ಕೆಲಸಗಾರನು ಕೆಂಡದ ಮೇಲೆಯೇ ಬಾಗಿ, ತುಂಡನ್ನು ತಿರುತಿರುಗಿಸಿ ಕುಂಚದಿಂದ ತಟ್ಟುತ್ತಿರಬೇಕು. ಒಂದು ಸಲಕ್ಕೆ ಮುಗಿಯುವುದಿಲ್ಲ. ಮತ್ತೆ ಬಳಿ, ಮತ್ತೆ ಕಾಯಿಸು. ಇಷ್ಟು ಬೆಂಕಿಯನ್ನು ಗಾಜು ತಡೆಯದು. ಆದುದರಿಂದ ಚಿನ್ನದ ಕೆಲಸವೆಲ್ಲ ಮುಗಿದ ಮೇಲೆಯೇ ಕಟ್ಟನ್ನು ಹೂದಾನಿಗೆ ತೊಡಿಸುತ್ತಿದ್ದರು. ಗಾಜಿಗೆ ಆ ಹೊಗೆ ತಗಲಲೇ ಇಲ್ಲ.

ಮನುಷ್ಯನಿಗೆ ತಗಲಿತು. ಇಟಲಿಯ ವೈದ್ಯ ರಾಮಝೀನಿ ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಿನ್ನ ಹಿಡಿಸುವವರಿಗೆಂದೇ ಒಂದು ಅಧ್ಯಾಯವಿದೆ. ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಸಡು ಊದುತ್ತದೆ, ಬಾಯಿಯಲ್ಲಿ ಜೊಲ್ಲು ಸುರಿಯುತ್ತದೆ, ಹಲ್ಲು ಉದುರುತ್ತದೆ. ಕೈ ನಡುಗತೊಡಗುತ್ತದೆ. ಉಳಿ, ಕುಂಚ ಹಿಡಿದು ಬದುಕುವವನಿಗೆ ಕೈ ನಡುಗಿದರೆ ಉಳಿಯುವುದೇನು? ಕೊನೆಕೊನೆಗೆ ಮನಸ್ಸೂ ಕೆಡುತ್ತದೆ. ಸಿಡುಕು, ಸಂಕೋಚ, ಮರೆವು.

ಇದನ್ನು ಕಣ್ಣಾರೆ ಕಂಡವನು ಆಂತ್ವಾನ್ ಆಂದ್ರೆ ರಾವ್ರಿಯೋ. ನೆಪೋಲಿಯನ್ ಕಾಲದ ಪ್ಯಾರಿಸ್ಸಿನಲ್ಲಿ ಹೆಸರಾಂತ ಕಂಚಿನ ಕೆಲಸದ ಒಡೆಯ. ಬಿಡುವಿನಲ್ಲಿ ನಾಟಕವನ್ನೂ ಬರೆಯುತ್ತಿದ್ದ. 1814ರಲ್ಲಿ ತೀರಿಕೊಳ್ಳುವಾಗ ಅವನು ಉಯಿಲಿನಲ್ಲಿ 3000 ಫ್ರಾಂಕ್ ತೆಗೆದಿರಿಸಿದ್ದ, ಚಿನ್ನ ಹಿಡಿಸುವವರನ್ನು ಪಾದರಸದಿಂದ ಕಾಪಾಡುವ ಉಪಾಯ ಕಂಡುಹಿಡಿದವರಿಗೆ ಬಹುಮಾನವಾಗಿ ಕೊಡಲೆಂದು. ಅವರ ಬೆವರಿನಿಂದ ತಾನು ಸಂಪಾದಿಸಿದ ಲೆಕ್ಕ ಆ ಮನುಷ್ಯನ ಮನಸ್ಸಿನಲ್ಲಿತ್ತೆಂದು ನಾನು ಭಾವಿಸುತ್ತೇನೆ. ಆ ಬಹುಮಾನ 1818ರಲ್ಲಿ ದಾರ್ಸೆ ಎಂಬ ರಸಾಯನಶಾಸ್ತ್ರಜ್ಞನಿಗೆ ದೊರೆಯಿತು. ಅವನ ಉಪಾಯದಲ್ಲಿ ಹೊಸ ಮದ್ದೂ ಇಲ್ಲ, ಮಂತ್ರವೂ ಇಲ್ಲ. ಕುಲುಮೆಯ ಮೇಲೆ ಸರಿಯಾದ ಹೊಗೆಗೂಡು, ಅದರ ಪಕ್ಕದಲ್ಲಿ ಗಾಳಿಯನ್ನು ಮೇಲಕ್ಕೆ ಸೆಳೆಯಲೆಂದೇ ಉರಿಯುವ ಇನ್ನೊಂದು ಒಲೆ. ಬಿಸಿಗಾಳಿ ಮೇಲೇರುತ್ತದೆಂಬ, ನಾನು ಎಂಟನೆಯ ತರಗತಿಗೆ ಹೇಳಿಕೊಡುತ್ತಿದ್ದ ಪಾಠವೇ ಅದು. ನಾನು ನಿಂತು ನೋಡಿದ ಆ ಗಾಜಿನ ಮೇಜು ಸಿದ್ಧವಾದದ್ದು ಅದರ ಮರುವರ್ಷ. 1840ರ ಬಳಿಕ ವಿದ್ಯುತ್ತಿನಿಂದ ಚಿನ್ನದ ಲೇಪ ಕೊಡುವ ವಿಧಾನ ಬಂದಿತು. ಇಂಗ್ಲೆಂಡಿನ ಎಲ್ಕಿಂಗ್ಟನ್‌ರ ಪೇಟೆಂಟು 1840ರದು, ಫ್ರಾನ್ಸಿನಲ್ಲಿ ಕ್ರಿಸ್ತೋಫ್ಲ್ 1842ರಲ್ಲಿ ಹಕ್ಕು ಕೊಂಡ. ಆದರೂ ಬೆಂಕಿಯ ಚಿನ್ನಕ್ಕಿರುವ ಆ ದಪ್ಪ ಮೆರುಗು ಅದಕ್ಕೆ ಬರುವುದಿಲ್ಲವೆಂದು ಹಳೆಯ ವಿಧಾನವೂ ಕೆಲವರಲ್ಲಿ ನಡೆದೇ ಇತ್ತು.

ಇದನ್ನೆಲ್ಲ ಓದಿ ಮುಗಿಸಿದಾಗ ರಾತ್ರಿ ಒಂದು ಗಂಟೆ. ಬೆಳ್ಳಗಿದ್ದದ್ದು ಬೆಂಕಿಗೆ ಹಿಡಿದರೆ ಹಳದಿಯಾಗುತ್ತದೆ ಎಂಬ ಸಾಲಿಗೆ ಮತ್ತೆ ಮತ್ತೆ ಮರಳಿ ಬಂದೆ. ಏಕೆಂದರೆ ಅದನ್ನು ನಾನು ಕಣ್ಣಾರೆ ಕಂಡಿದ್ದೆ, ಅದೂ ನಮ್ಮೂರಿನಲ್ಲಿ. ಆದರೂ ಹೈದರಾಬಾದಿನಲ್ಲಿ ಆ ಹುಡುಗನಿಗೆ ಅಂಟಿನ ಕಥೆ ಹೇಳಿದ್ದೆ.

1987. ಹತ್ತನೆಯ ತರಗತಿಗೆ ಲೋಹಗಳ ಪಾಠ. ಕೋಲಾರದ ಗಣಿಯಲ್ಲಿ ಅರೆದ ಅದಿರನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸಿ ಚಿನ್ನ ಹಿಡಿಯುತ್ತಿದ್ದ ಬಗೆಯನ್ನು ವಿವರಿಸುತ್ತಿದ್ದೆ. ವಾಡಿಕೆಯಂತೆ ಪ್ರಯೋಗಶಾಲೆಯ ಬೀರುವಿನಿಂದ ಪಾದರಸದ ಸೀಸೆ ತಂದು ಮುಂದಿನ ಬೆಂಚಿನವರ ಅಂಗೈಗೆ ಒಂದೊಂದು ಉಂಡೆ ಸುರಿದೆ. ಹೌದು, ವಾಡಿಕೆಯಂತೆ. ‘ಹಿಡಿದರೆ ಸಿಕ್ಕದ ಲೋಹ’ ಎಂದು ನಾನು ಹೇಳುವುದು, ಅದು ಬೆರಳ ಸಂದಿನಿಂದ ಜಾರಿ ನೆಲಕ್ಕೆ ಬಿದ್ದು ನೂರು ಚೂರಾಗಿ ಓಡುವುದು, ನೀವೆಲ್ಲ ಕೂಗಾಡುತ್ತ ಕಾಗದದ ಚೂರಿನಿಂದ ಅದನ್ನು ಗುಡಿಸಿ ಒಟ್ಟು ಮಾಡುವುದು. ವರ್ಷದಲ್ಲಿ ಅದೊಂದು ದಿನ ವಿಜ್ಞಾನದ ಮೇಷ್ಟ್ರು ಎಲ್ಲರಿಗೂ ಪ್ರಿಯನಾಗುತ್ತಿದ್ದೆ.

ಆ ದಿನ ಒಬ್ಬ ಹುಡುಗಿಯ ಬೆರಳಿನಲ್ಲಿ ಚಿನ್ನದ ಉಂಗುರವಿತ್ತು. ಎರಡೇ ನಿಮಿಷದಲ್ಲಿ ಅದು ಸೀಸದಂತೆ ಬೆಳ್ಳಗಾಯಿತು. ತಿಕ್ಕಿದರೂ ಹೋಗಲಿಲ್ಲ, ಸೋಪು ಹಚ್ಚಿ ತೊಳೆದರೂ ಹೋಗಲಿಲ್ಲ. ಅಜ್ಜಿಯ ಉಂಗುರ, ಮನೆಯಲ್ಲಿ ಹೊಡೆಯುತ್ತಾರೆ ಎಂದು ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಶಾಲೆ ಬಿಟ್ಟ ಮೇಲೆ ಅವಳನ್ನು ಪೇಟೆ ಬೀದಿಯ ಅಕ್ಕಸಾಲಿಯ ಬಳಿಗೆ ಕರೆದೊಯ್ದೆ. ಆಚಾರ್ರು ಉಂಗುರವನ್ನು ನೋಡಿದ ಕೂಡಲೇ, “ಏನ್ ಮೇಷ್ಟ್ರೇ, ರಸ ಮುಟ್ಟಿಸಿಬಿಟ್ರಾ?” ಎಂದರು. ಕೆಂಡದ ಮೇಲಿಟ್ಟು ಊದುಗೊಳವೆಯಿಂದ ಊದಿದರು. ನಾನು ಬಾಗಿ ನೋಡುತ್ತಿದ್ದೆ. ಬಿಳಿ ಕರಗಿ ಮಾಯವಾಗಿ ಮಂಕು ಹಳದಿ ಬಂತು. ಅವರು ಅದಕ್ಕೆ ಒಪ್ಪ ಹಾಕಿ ಕೊಟ್ಟರು. ಕೂಲಿ ಕೊಡಹೋದರೆ, “ಮಕ್ಕಳ ಕೆಲಸಕ್ಕೆ ಏನ್ ದುಡ್ಡು ಬಿಡಿ” ಎಂದು ಕೈ ಅಡ್ಡ ಮಾಡಿದರು.

ಅದು ನನಗೆ ಎಷ್ಟು ಹಿಡಿಸಿತೆಂದರೆ, ಮರುವರ್ಷದಿಂದ ಒಂದು ಚೂರು ಹಳೆಯ ಚಿನ್ನವನ್ನು ಪಾಠದ ಸಾಮಾನಿಗೆ ಸೇರಿಸಿಕೊಂಡೆ. ತರಗತಿಯಲ್ಲೇ ಪಾದರಸಕ್ಕೆ ಅದ್ದಿ ಬೆಳ್ಳಗೆ ಮಾಡಿ, ಸ್ಪಿರಿಟ್ ದೀಪದ ಮೇಲೆ ಹಿಡಿದು ಮತ್ತೆ ಹಳದಿ ಮಾಡಿ ತೋರಿಸುತ್ತಿದ್ದೆ. ಕಿಟಕಿ ಮುಚ್ಚಿ, ಗಾಳಿಗೆ ದೀಪ ಆರಬಾರದೆಂದು. 2001ರಲ್ಲಿ ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ ಮುಚ್ಚಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಓದಿ, ಪಾದರಸವನ್ನು ಮುಟ್ಟುವುದನ್ನು ನಿಲ್ಲಿಸಿದೆ. ನಿಲ್ಲಿಸಿದೆನೆಂದು ನೆಮ್ಮದಿಯಾಗಿದ್ದೆ. ಹಿಂದಿನ ಹದಿನೇಳು ವರ್ಷಗಳ ಕಡೆಗೆ ತಿರುಗಿ ನೋಡಲಿಲ್ಲ.

ಇಲ್ಲಿ ಯಾರೂ ಗಾಬರಿಯಾಗುವುದು ಬೇಡ. ವರ್ಷಕ್ಕೆ ಒಂದು ದಿನ ಅಂಗೈಯಲ್ಲಿ ಪಾದರಸವನ್ನು ಉರುಳಿಸಿದ್ದರಿಂದ ಯಾರ ಕೈಯೂ ನಡುಗುವುದಿಲ್ಲ. ಚರ್ಮದ ಮೂಲಕ ಅದು ಒಳಹೋಗುವುದು ಬಲು ಕಡಿಮೆ, ಅಪಾಯವಿರುವುದು ಆವಿಯಲ್ಲಿ. ಹಾಗೆಂದು ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಚೆಲ್ಲಿದ ಪಾದರಸ ನೆಲದ ಸಂದಿನಲ್ಲಿ ಕುಳಿತು ವರ್ಷಾನುಗಟ್ಟಲೆ ಆವಿಯಾಗುತ್ತಿರುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದು ಸುರಕ್ಷಿತ ಮಿತಿಯ ನೂರಾರು ಪಟ್ಟು ಆಗಬಲ್ಲದು. ನಮ್ಮ ಪ್ರಯೋಗಶಾಲೆಯದು ಕಲ್ಲು ಚಪ್ಪಡಿಯ ನೆಲ. ಸಂದುಗಳಿಗೆ ಬೆರಳು ತೂರುತ್ತಿತ್ತು.

ಊರಿಗೆ ಮರಳಿದ ವಾರದಲ್ಲೇ ಶಾಲೆಗೆ ಹೋದೆ. ಈಗಿನ ಮುಖ್ಯೋಪಾಧ್ಯಾಯಿನಿ ನನ್ನ ಶಿಷ್ಯೆಯೇ. ಹಳೆಯ ದಾಸ್ತಾನು ಪುಸ್ತಕ ತೆಗೆಸಿ ನೋಡಿದೆವು. 1984ರಲ್ಲಿ ನಾನೇ ಸಹಿ ಹಾಕಿ ಪಡೆದ ಪಾದರಸ 500 ಗ್ರಾಂ. ಆಮೇಲೆ ಪ್ರತಿ ಮಾರ್ಚಿನಲ್ಲೂ ನನ್ನದೇ ದುಂಡಕ್ಷರದಲ್ಲಿ ‘ಚೆಲ್ಲಿ ನಷ್ಟ’, ‘ಚೆಲ್ಲಿ ನಷ್ಟ’. ಬೀರುವಿನಲ್ಲಿದ್ದ ಸೀಸೆಯಲ್ಲಿ ಉಳಿದದ್ದು, ಸೀಸೆಯ ತೂಕ ಕಳೆದರೆ, 180 ಗ್ರಾಂ. ಉಳಿದ 320 ಗ್ರಾಂ ಎಲ್ಲಿ? ಸಾಂದ್ರತೆ 13.6 ಎಂದು ನಿಮ್ಮಿಂದ ಬಾಯಿಪಾಠ ಮಾಡಿಸಿದವನು ನಾನು. ಲೆಕ್ಕ ಹಾಕಿದರೆ ಸುಮಾರು 23 ಮಿಲಿಲೀಟರ್, ಎರಡು ದೊಡ್ಡ ಚಮಚೆಗೂ ಕಡಿಮೆ. ಅಷ್ಟೇ ಇಲ್ಲಿ ಸಾಕಷ್ಟು. ಪ್ರಯೋಗಶಾಲೆ ಹೊಸ ಕಟ್ಟಡಕ್ಕೆ ಹೋಗಿ, ಆ ಹಳೆಯ ಕೋಣೆಯಲ್ಲಿ ಈಗ ಎಂಟನೆಯ ತರಗತಿ ನಡೆಯುತ್ತಿತ್ತು.

ಆ ಹೆಣ್ಣುಮಗಳು ಒಂದು ಮಾತೂ ಆಡಲಿಲ್ಲ. ಮರುದಿನವೇ ಮಕ್ಕಳನ್ನು ಗ್ರಂಥಾಲಯದ ಕೋಣೆಗೆ ಬದಲಿಸಿ, ಹಳೆಯ ಕೋಣೆಗೆ ಬೀಗ ಹಾಕಿಸಿದಳು. ಆಡಳಿತ ಮಂಡಳಿಗೆ ಪತ್ರ ಹೋಯಿತು. ‘ಅಷ್ಟು ವರ್ಷದಿಂದ ಇಲ್ಲದ್ದು ಈಗೇನು’ ಎಂದವರೂ ಇದ್ದರು. ನಾನು ಹೋಗಿ ಕುಳಿತು, ರಾವ್ರಿಯೋನ ಉಯಿಲಿನ ಕಥೆಯಿಂದ ಆರಂಭಿಸಿ, ದಾಸ್ತಾನು ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟೆ. ನೆಲ ಕಿತ್ತು ಸಂದಿನ ಮಣ್ಣನ್ನು ಜಾಡಿಗಳಲ್ಲಿ ಭದ್ರಪಡಿಸಿ, ಸೀಸೆಯ ಸಮೇತ ಅಪಾಯಕಾರಿ ತ್ಯಾಜ್ಯದವರಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. ಚಪ್ಪಡಿ ಎತ್ತುವ ದಿನ ನಾನೂ ಮುಖಗವಸು ಹಾಕಿಕೊಂಡು ನಿಂತಿದ್ದೆ. ಕಪ್ಪು ಮಣ್ಣಿನಲ್ಲಿ ಸಾಸಿವೆ ಕಾಳಿನಂಥ ಹೊಳಪು, ಅಲ್ಲೊಂದು ಇಲ್ಲೊಂದು. ನೆಲದ ಖರ್ಚಿನಲ್ಲಿ ನನ್ನ ಪಾಲು ಕೊಟ್ಟಿದ್ದೇನೆ, ಇದನ್ನು ಹೇಳಿಕೊಳ್ಳಲು ಬರೆದದ್ದಲ್ಲ. ಆ ಕೋಣೆಯಲ್ಲಿ ಕುಳಿತಿದ್ದವರಿಗೆ ವಿಷಯ ತಿಳಿದಿರಬೇಕೆಂದು ಬರೆದೆ. ನಿಮ್ಮಲ್ಲಿ ಯಾರಿಗಾದರೂ ಸಂದೇಹವಿದ್ದರೆ ವೈದ್ಯರಲ್ಲಿ ಹೇಳಿ, ನನಗೂ ತಿಳಿಸಿ. ಹೈದರಾಬಾದಿನ ಪ್ರವಾಸದಲ್ಲಿ ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ, ನಿನ್ನ ಮಾತೇ ಸರಿ ಮಗು, ಅಂಟಿಸಿದ್ದರೆ ಅಂಚು ಕಾಣಬೇಕಿತ್ತು.

ಉಂಗುರದ ಹುಡುಗಿಯ ವಿಳಾಸ ಅವಳ ಸಹಪಾಠಿಗಳಿಂದ ಸಿಕ್ಕಿತು. ಈಗ ದಾವಣಗೆರೆಯಲ್ಲಿದ್ದಾಳೆ, ಮಗಳ ಮದುವೆಯನ್ನೂ ಮಾಡಿದ್ದಾಳೆ. ದೂರವಾಣಿಯಲ್ಲಿ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವಳು ನಕ್ಕಳು. ಉಂಗುರ ಈಗ ಮಗಳ ಬೆರಳಿನಲ್ಲಿದೆಯಂತೆ. ಆಮೇಲೆ ಒಂದು ಕ್ಷಣ ಸುಮ್ಮನಿದ್ದು ಕೇಳಿದಳು.

“ಸಾರ್, ಆವತ್ತು ಆಚಾರ್ರು ಹೇಳಿದ್ದು ನಿಮಗೆ ನೆನಪಿಲ್ವಾ? ಊದೋಕೆ ಮುಂಚೆ, ‘ಮಗೂನ ಆಚೆ ನಿಲ್ಲಿಸಿ ಮೇಷ್ಟ್ರೇ, ಈ ಹೊಗೆ ಒಳ್ಳೇದಲ್ಲ’ ಅಂದ್ರು. ನೀವೇ ನನ್ನ ಕೈ ಹಿಡ್ಕೊಂಡು ಬಂದು ಜಗಲಿ ಮೇಲೆ ಕೂರಿಸಿ ಒಳಗೆ ಹೋದ್ರಿ. ಅದಕ್ಕೇ ಬಣ್ಣ ಬದಲಾಗಿದ್ದು ನಾನು ನೋಡ್ಲೇ ಇಲ್ಲ.”

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಬಿ.ಎಡ್. ಮಾಡಿದ ನನಗೆ ಗೊತ್ತಿಲ್ಲದ್ದು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಿದ್ದ ಅವರಿಗೆ ಗೊತ್ತಿತ್ತು. ಅವರ ಮುಂದಿದ್ದ ಕುಲುಮೆಗೆ ಹೊಗೆಗೂಡು ಇರಲಿಲ್ಲ. ಅವರ ಕೊನೆಯ ವರ್ಷಗಳಲ್ಲಿ ನಮ್ಮ ಮನೆಗೆ ಬಂದಾಗ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು, ತಟ್ಟೆಗೆ ತುಳುಕುತ್ತಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆವು. ಆಗ ಅವರಿಗೆ ಐವತ್ತೆಂಟು.